ಕೊಟ್ಟ ಮಾಹಿತಿ ಲೆಕ್ಕಕ್ಕೆ ಸಾಕೇ?

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಭಾನುವಾರದ ವಿದ್ಯಾರ್ಥಿ ಪುಟದಲ್ಲಿ ಬಂದ ಒಂದು ಬೀಜಗಣಿತದ ಲೆಕ್ಕದ ಬಗ್ಗೆ ಈ ಪತ್ರ. ಲೆಕ್ಕ ಹೀಗಿತ್ತು: “ಎರಡಂಕಿಯ ಒಂದು ಸಂಖ್ಯೆಯ ಅಂಕಿಗಳನ್ನು ಅದಲುಬದಲು ಮಾಡಿದರೆ ಅದು 27ರಷ್ಟು ಹೆಚ್ಚಾಗುತ್ತದೆ. ಅಂಕಿಗಳ ವ್ಯತ್ಯಾಸ 3. ಆ ಸಂಖ್ಯೆ ಯಾವುದು?” ಮರುವಾರ ಉತ್ತರ 47 ಎಂದು ಅಚ್ಚಾಯಿತು. 47 ಸರಿಯೇ. ತಿರುಗಿಸಿದರೆ 74, ಹೆಚ್ಚಾದದ್ದು 27. ಆದರೆ 14, 25, 36, 58, 69 ಕೂಡ ಅಷ್ಟೇ ಸರಿ. ಒಟ್ಟು ಆರು ಉತ್ತರಗಳಿರುವ ಲೆಕ್ಕಕ್ಕೆ ಒಂದನ್ನೇ ಸರಿ ಎಂದು ಹೇಳಿದಂತಾಯಿತು.

ಎಲ್ಲಿ ಎಡವಿದೆ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಇದು ಅಚ್ಚಿನ ತಪ್ಪಲ್ಲ, ಯೋಚನೆಯ ತಪ್ಪು. ಹತ್ತರ ಸ್ಥಾನದ ಅಂಕಿ ಕ, ಬಿಡಿ ಸ್ಥಾನದ ಅಂಕಿ ಚ ಎಂದುಕೊಳ್ಳಿ. ಸಂಖ್ಯೆ 10ಕ + ಚ. ತಿರುಗಿಸಿದ ಸಂಖ್ಯೆ 10ಚ + ಕ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ 9ಚ – 9ಕ = 27, ಅಂದರೆ ಚ – ಕ = 3. ಲೆಕ್ಕದ ಎರಡನೆಯ ವಾಕ್ಯ ಹೇಳುವುದೂ ಇದನ್ನೇ. ವಾಕ್ಯ ಎರಡು, ಮಾಹಿತಿ ಒಂದೇ. ಹತ್ತರ ಸ್ಥಾನದಲ್ಲಿ ಸೊನ್ನೆ ಬರುವಂತಿಲ್ಲ, ಬಿಡಿ ಸ್ಥಾನ 9ನ್ನು ಮೀರುವಂತಿಲ್ಲ ಎಂಬ ಎರಡು ಹೇಳದ ನಿಯಮಗಳು ಇರುವುದರಿಂದ ಉತ್ತರಗಳು ಆರಕ್ಕೆ ನಿಂತವು.

“ಅಂಕಿಗಳ ಮೊತ್ತ 11” ಎಂದು ಸೇರಿಸಿದ್ದರೆ ಉತ್ತರ 47 ಒಂದೇ ಆಗುತ್ತಿತ್ತು. ಇಲ್ಲೂ ಒಂದು ಎಚ್ಚರ ಬೇಕು. ಮೊತ್ತ 12 ಎಂದು ಕೊಟ್ಟಿದ್ದರೆ ಚ + ಕ = 12, ಚ – ಕ = 3; ಕೂಡಿದರೆ 2ಚ = 15, ಚ ಏಳೂವರೆ. ಅಂಥ ಅಂಕಿ ಇಲ್ಲ. ವ್ಯತ್ಯಾಸ ಬೆಸವಾದರೆ ಮೊತ್ತವೂ ಬೆಸವೇ ಆಗಬೇಕು. ಲೆಕ್ಕ ಕಟ್ಟುವವರು ಉತ್ತರದಿಂದ ಹಿಂದಕ್ಕೆ ಬಂದು ಲೆಕ್ಕ ಬರೆಯುತ್ತಾರೆ; ಮನಸ್ಸಿನಲ್ಲಿ 47 ಇರುವುದರಿಂದ ಬರೆದ ಎಲ್ಲ ವಾಕ್ಯಗಳೂ ಅದಕ್ಕೆ ಹೊಂದುತ್ತವೆ. ಬೇರೆ ಯಾವುದಕ್ಕೆಲ್ಲ ಹೊಂದುತ್ತವೆ ಎಂದು ನೋಡುವುದು ಉಳಿದುಹೋಗುತ್ತದೆ. ಹಾಗಾಗಿ ಉತ್ತರ ಗೊತ್ತಿಲ್ಲದ ಇನ್ನೊಬ್ಬರ ಕೈಯಲ್ಲಿ ಒಮ್ಮೆ ಬಿಡಿಸಿಯೇ ಇಂಥದ್ದನ್ನು ಅಚ್ಚಿಗೆ ಕೊಡಬೇಕು.

ಮುಂಬಯಿಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಕನ್ನಡದಲ್ಲಿ ಹೊರತರುವ ಪುಸ್ತಕಗಳನ್ನು. ಹತ್ತನೆಯ ತರಗತಿಯಲ್ಲಿ ಬೀಜಗಣಿತಕ್ಕೆ 40 ಅಂಕಗಳ ಪ್ರತ್ಯೇಕ ಪತ್ರಿಕೆ ಇದೆ. ಎರಡು ಅವ್ಯಕ್ತಗಳ (ಕಂಡುಹಿಡಿಯಬೇಕಾದ ಸಂಖ್ಯೆಗಳ) ಸಮೀಕರಣ, ವರ್ಗ ಸಮೀಕರಣ, ಸಮಾಂತರ ಶ್ರೇಢಿ (ಒಂದೇ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲು) ಎಲ್ಲವೂ ಅದರಲ್ಲಿವೆ. ಬಿಡಿಸುವ ಕ್ರಮ ಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಆದರೆ ಅಭ್ಯಾಸದ ಲೆಕ್ಕಗಳು ಸಾಮಾನ್ಯವಾಗಿ ಬೇಕಾದಷ್ಟನ್ನು ಮಾತ್ರ, ಅಳೆದು ತೂಗಿ ಕೊಟ್ಟಿರುತ್ತವೆ. ಕೊಟ್ಟದ್ದು ಸಾಕೇ ಎಂದು ಕೇಳಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಕೊನೆಗೆ ಮಗುವಿನ ತಲೆಯಲ್ಲಿ ಉಳಿಯುವುದು ಒಂದೇ ಸೂತ್ರ: ಎರಡು ಅವ್ಯಕ್ತಕ್ಕೆ ಎರಡು ಸಮೀಕರಣ ಇದ್ದರೆ ಆಯಿತು.

ಈ ಸೂತ್ರ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದಕ್ಕೆ ಮುಂಬಯಿಯ ಮನೆಮನೆಯ ಒಂದು ಲೆಕ್ಕ ನೋಡಿ. ಒಂದು ಹೌಸಿಂಗ್ ಸೊಸೈಟಿಯ ಮೇಂಟೆನನ್ಸ್ ಬಿಲ್ಲಿನಲ್ಲಿ ಎಲ್ಲರಿಗೂ ಸಮನಾದ ಒಂದು ನಿಗದಿತ ಮೊತ್ತವೂ ಚದರಡಿಗೆ ಇಷ್ಟು ಎಂಬ ಒಂದು ದರವೂ ಇದೆ ಎನ್ನಿ. 450 ಚದರಡಿಯ ಮನೆಗೆ ಬಿಲ್ಲು 2,650 ರೂಪಾಯಿ. ಇದೊಂದರಿಂದ ದರ ತಿಳಿಯದು. ಪಕ್ಕದ ಮನೆಯೂ 450 ಚದರಡಿ, ಬಿಲ್ಲೂ 2,650 ಎಂದು ಇನ್ನೊಂದು ಸಮೀಕರಣ ತಂದರೆ ಸಮೀಕರಣ ಎರಡಾದವು, ತಿಳಿದದ್ದು ಏನೂ ಇಲ್ಲ. 600 ಚದರಡಿಯ ಮನೆಗೆ 3,100 ಎಂದು ಗೊತ್ತಾದರೆ ಕೂಡಲೇ ಬಿಡಿಸಬಹುದು: 150 ಚದರಡಿಗೆ 450 ರೂಪಾಯಿ ಹೆಚ್ಚಾಯಿತು, ದರ 3 ರೂಪಾಯಿ, ನಿಗದಿತ ಮೊತ್ತ 1,300. ಇನ್ನು 450 ಚದರಡಿಯ ಮೂರನೆಯ ಮನೆಯ ಬಿಲ್ಲು 2,800 ಎಂದು ಬಂದರೆ? ಎರಡು ಸಮೀಕರಣಗಳು ಒಂದಕ್ಕೊಂದು ವಿರುದ್ಧ. ಅದರರ್ಥ ನಾವು ಲೆಕ್ಕಕ್ಕೆ ಹಿಡಿಯದ ಮೂರನೆಯ ಬಾಬತ್ತು ಒಂದಿದೆ, ಪಾರ್ಕಿಂಗ್ ಇರಬಹುದು. ವಿರೋಧ ಕಂಡಾಗ ಲೆಕ್ಕ ತಪ್ಪೆಂದು ಬಿಸಾಡಬಾರದು, ಯಾವುದನ್ನು ಬಿಟ್ಟಿದ್ದೇವೆ ಎಂದು ಹುಡುಕಬೇಕು.

ಇದನ್ನೇ ತರಗತಿಯ ಭಾಷೆಯಲ್ಲಿ ಹೇಳುವುದಾದರೆ, ಎರಡು ಸಮೀಕರಣಗಳ ಸಹಗುಣಕಗಳ, ಅಂದರೆ ಅವ್ಯಕ್ತಗಳನ್ನು ಗುಣಿಸುವ ಸಂಖ್ಯೆಗಳ, ಅನುಪಾತ ಬೇರೆಬೇರೆಯಾದರೆ ಒಂದೇ ಉತ್ತರ. ಸಹಗುಣಕಗಳ ಅನುಪಾತ ಒಂದೇ ಆಗಿದ್ದು ಬಲಬದಿಯ ಸಂಖ್ಯೆಗಳೂ ಅದೇ ಅನುಪಾತದಲ್ಲಿದ್ದರೆ ಲೆಕ್ಕವಿಲ್ಲದಷ್ಟು ಉತ್ತರಗಳು. ಬಲಬದಿ ಮಾತ್ರ ಹೊಂದದಿದ್ದರೆ ಉತ್ತರವೇ ಇಲ್ಲ. 2ಕ + 3ಚ = 13, 4ಕ + 6ಚ = 26 ಎಂಬುದು ಎರಡನೆಯ ಬಗೆ; 26ರ ಜಾಗದಲ್ಲಿ 30 ಬಂದರೆ ಮೂರನೆಯದು. ಇಂಥ ಸಮೀಕರಣಗಳನ್ನು ಬಿಡಿಸುವ ಕ್ರೇಮರ್ ನಿಯಮದಲ್ಲಿ ಮೊದಲು ಕಂಡುಹಿಡಿಯುವ ನಿರ್ಧಾರಕ, ಅಂದರೆ ಸಹಗುಣಕಗಳನ್ನು ಅಡ್ಡಕ್ಕೆ ಗುಣಿಸಿ ಕಳೆದಾಗ ಬರುವ ಡಿಟರ್ಮಿನಂಟ್, ಇದನ್ನೇ ಹೇಳುತ್ತದೆ. ಅದು ಸೊನ್ನೆ ಬಂದರೆ ಮುಂದೆ ಭಾಗಿಸುವ ಗೋಜಿಗೆ ಹೋಗದೆ ನಿಲ್ಲಬೇಕು. ಮಕ್ಕಳು ಅದನ್ನು ಉತ್ತರಕ್ಕೆ ಹೋಗುವ ಒಂದು ಮೆಟ್ಟಿಲು ಎಂದಷ್ಟೇ ಕಲಿಯುತ್ತಾರೆ. ನನ್ನ ಮಟ್ಟಿಗೆ ಆ ಇಡೀ ಅಧ್ಯಾಯದಲ್ಲಿ ಅತ್ಯಂತ ಬೆಲೆಯುಳ್ಳ ಸಂಖ್ಯೆ ಅದೇ, ಏಕೆಂದರೆ ಬಿಡಿಸುವ ಮೊದಲೇ ಬಿಡಿಸಲು ಬರುತ್ತದೋ ಇಲ್ಲವೋ ಎಂದು ಹೇಳುವುದು ಅದೊಂದೇ.

ತದ್ವಿರುದ್ಧವಾಗಿ, ಒಂದೇ ಸಮೀಕರಣ ಸಾಕಾಗುವುದೂ ಉಂಟು. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಇಡ್ಲಿ ಪ್ಲೇಟಿಗೆ 45, ಮಸಾಲೆ ದೋಸೆಗೆ 70 ರೂಪಾಯಿ ಎಂದುಕೊಳ್ಳಿ. ಎರಡನ್ನೂ ತಿಂದವರ ಬಿಲ್ಲು 370. ಎಷ್ಟು ಇಡ್ಲಿ, ಎಷ್ಟು ದೋಸೆ? 45ಇ + 70ದ = 370. ಐದರಿಂದ ಭಾಗಿಸಿದರೆ 9ಇ + 14ದ = 74. ಅವ್ಯಕ್ತ ಎರಡು, ಸಮೀಕರಣ ಒಂದು. ಆದರೆ ಅರ್ಧ ಪ್ಲೇಟಿನ ಮಾತಿಲ್ಲ. ದೋಸೆ 1 ಎಂದರೆ ಉಳಿಯುವುದು 60, 2 ಎಂದರೆ 46, 3 ಎಂದರೆ 32. ಯಾವುದೂ ಒಂಬತ್ತರಿಂದ ಭಾಗವಾಗದು. 4 ಎಂದರೆ 18, ಆಯಿತು. 5 ಎಂದರೆ 4, ಆಗದು. ಎರಡು ಪ್ಲೇಟ್ ಇಡ್ಲಿ, ನಾಲ್ಕು ದೋಸೆ. ಬೇರೆ ದಾರಿಯೇ ಇಲ್ಲ. ಮಾಹಿತಿ ಸಾಕು.

ಬಿಲ್ಲು 745 ಆಗಿದ್ದರೆ? 9ಇ + 14ದ = 149. ಹದಿನೈದು ಪ್ಲೇಟ್ ಇಡ್ಲಿ, ಒಂದು ದೋಸೆ ಸರಿಹೊಂದುತ್ತದೆ. ಒಂದು ಪ್ಲೇಟ್ ಇಡ್ಲಿ, ಹತ್ತು ದೋಸೆಯೂ ಸರಿಹೊಂದುತ್ತದೆ. ಈಗ ಮಾಹಿತಿ ಸಾಲದು. “ಇಡ್ಲಿಗಿಂತ ದೋಸೆಯೇ ಹೆಚ್ಚು” ಎಂಬ ಒಂದು ಮಾತು ಸೇರಿದರೆ ಸಾಕು, ಅದು ಸಮೀಕರಣವೇ ಅಲ್ಲದಿದ್ದರೂ. ಒಂದು ಉತ್ತರ ಸಿಕ್ಕ ಮೇಲೆ ಇನ್ನೊಂದು ಇದೆಯೇ ಎಂದು ಹುಡುಕಲು ಸುಲಭದ ದಾರಿ ಇದೆ: ಸಾಮಾನ್ಯ ಅಪವರ್ತನವನ್ನು ತೆಗೆದ ಸಮೀಕರಣದಲ್ಲಿ ಇಡ್ಲಿಯನ್ನು 14ರಷ್ಟು ಇಳಿಸಿದರೆ ದೋಸೆ 9ರಷ್ಟು ಏರುತ್ತದೆ. ಸಹಗುಣಕಗಳು ಅಡ್ಡಕ್ಕೆ ಅದಲುಬದಲಾಗುತ್ತವೆ. ಹಾಗೆ ಜಿಗಿದಾಗ ಎರಡೂ ಸಂಖ್ಯೆಗಳು ಋಣವಾಗದೆ ಉಳಿದರೆ ಇನ್ನೊಂದು ಉತ್ತರ ಇದೆ ಎಂದರ್ಥ.

ಇದು ನಮಗೆ ಹೊಸತೇನಲ್ಲ. 850ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಬಾಳೆಹಣ್ಣಿನ ಲೆಕ್ಕವೊಂದಿದೆ: ಸಮನಾದ 63 ರಾಶಿ, ಬಿಡಿಯಾಗಿ 7 ಹಣ್ಣು, ಎಲ್ಲವನ್ನೂ 23 ಪ್ರಯಾಣಿಕರು ಸಮನಾಗಿ ಹಂಚಿಕೊಂಡರು. ರಾಶಿಯಲ್ಲಿ ಎಷ್ಟು ಹಣ್ಣು? ರಾಶಿಗೆ 5 ಎಂದರೆ ಒಟ್ಟು 322, ತಲೆಗೆ 14. ಆದರೆ 28 ಎಂದರೂ ಆಗುತ್ತದೆ, 51 ಎಂದರೂ ಆಗುತ್ತದೆ, 23 ಸೇರಿಸುತ್ತ ಹೋದಂತೆ ಮುಗಿಯುವುದೇ ಇಲ್ಲ. “ರಾಶಿಯಲ್ಲಿ ಇಪ್ಪತ್ತಕ್ಕಿಂತ ಕಡಿಮೆ” ಎಂದರೆ ಮಾತ್ರ ಒಂದೇ ಉತ್ತರ. ಕನ್ನಡ ನೆಲದಲ್ಲಿ ಸಾವಿರದ ನೂರು ವರ್ಷಗಳ ಹಿಂದೆಯೇ ಇಂಥ ಸಮೀಕರಣಗಳಿಗೆ ಕುಟ್ಟೀಕಾರ ಎಂಬ ಪ್ರತ್ಯೇಕ ಕ್ರಮವಿತ್ತು.

ಇನ್ನೊಂದು ಕಡೆ ಮಕ್ಕಳು ಬಹಳ ಅವಸರದಿಂದ “ಸಾಲದು” ಎನ್ನುತ್ತಾರೆ. ಕೇಳಿದ್ದು ಏನು ಎಂದು ನೋಡದೆ ಅವ್ಯಕ್ತಗಳನ್ನು ಎಣಿಸುವುದೇ ಇದಕ್ಕೆ ಕಾರಣ. ಮೂರು ವಡಾಪಾವ್, ಏಳು ಕಟಿಂಗ್ ಚಹಾ, ಒಂದು ಬಾಟಲಿ ನೀರು ಸೇರಿ 144 ರೂಪಾಯಿ. ನಾಲ್ಕು ವಡಾಪಾವ್, ಹತ್ತು ಚಹಾ, ಒಂದು ಬಾಟಲಿ ಸೇರಿ 192. ಒಂದೊಂದನ್ನು ಕೊಂಡರೆ ಎಷ್ಟಾಗುತ್ತದೆ? ಅವ್ಯಕ್ತ ಮೂರು, ಸಮೀಕರಣ ಎರಡು. ಪ್ರತಿಯೊಂದರ ಬೆಲೆ ಸಿಗುವುದಿಲ್ಲ, ನಿಜ: 18, 10, 20 ಎಂದರೂ ಹೊಂದುತ್ತದೆ, 21, 9, 18 ಎಂದರೂ ಹೊಂದುತ್ತದೆ. ಆದರೆ ಎರಡರಲ್ಲೂ ಮೊತ್ತ 48 ಎಂಬುದನ್ನು ಗಮನಿಸಿ. ಮೊದಲ ಸಮೀಕರಣದ ಮೂರರಷ್ಟರಲ್ಲಿ ಎರಡನೆಯದರ ಎರಡರಷ್ಟನ್ನು ಕಳೆಯಿರಿ: ವಡಾಪಾವ್ 9 – 8, ಚಹಾ 21 – 20, ಬಾಟಲಿ 3 – 2. ಒಂದೊಂದೇ ಉಳಿಯಿತು; 432 – 384 = 48. ಕೇಳಿದ್ದು ಮೊತ್ತವನ್ನು ಮಾತ್ರ, ಅದಕ್ಕೆ ಮಾಹಿತಿ ಸಾಕು. ಕೊಟ್ಟ ಸಮೀಕರಣಗಳನ್ನು ಗುಣಿಸಿ, ಕೂಡಿ, ಕಳೆದು ಕೇಳಿದ ರೂಪವನ್ನು ಕಟ್ಟಲು ಬರುತ್ತದೆಯೇ ಎಂಬುದೇ ಇಲ್ಲಿನ ಪರೀಕ್ಷೆ.

ಸಮಾಂತರ ಶ್ರೇಢಿಯಲ್ಲೂ ಹೀಗೆಯೇ. ಏಳನೆಯ ಪದ 20 ಎಂದು ಮಾತ್ರ ಕೊಟ್ಟರೆ ಮೊದಲ ಪದವೂ ತಿಳಿಯದು, ಸಾಮಾನ್ಯ ವ್ಯತ್ಯಾಸವೂ ತಿಳಿಯದು. ಆದರೂ ಮೊದಲ 13 ಪದಗಳ ಮೊತ್ತ ಖಚಿತವಾಗಿ 260. ಏಳನೆಯದು ನಟ್ಟನಡುವಿನ ಪದ, ಉಳಿದವು ಅದರ ಎರಡೂ ಬದಿಗೆ ಸಮನಾಗಿ ತೂಗುತ್ತವೆ. ಹನ್ನೆರಡು ಪದಗಳ ಮೊತ್ತ ಕೇಳಿದ್ದರೆ ಸಾಲುತ್ತಿರಲಿಲ್ಲ. ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60 ಎಂದಾಗ ದೂರ ಕೊಟ್ಟಿಲ್ಲವೆಂದು ಪೆನ್ನು ಕೆಳಗಿಡಬೇಕಿಲ್ಲ. ಸರಾಸರಿ ವೇಗ 48 (50 ಅಲ್ಲ), ದೂರ ಎಷ್ಟಿದ್ದರೂ ಅದು ಲೆಕ್ಕದಲ್ಲಿ ವಜಾ ಆಗುತ್ತದೆ. ಬೆಲೆ ಶೇ. 20 ಏರಿ ಆಮೇಲೆ ಶೇ. 20 ಇಳಿದರೆ ಒಟ್ಟಿನಲ್ಲಿ ಶೇ. 4 ಇಳಿಕೆ ಎನ್ನಲು ಮೂಲ ಬೆಲೆ ಬೇಡ. ಇಳಿದದ್ದು ಎಷ್ಟು ರೂಪಾಯಿ ಎಂದು ಕೇಳಿದರೆ ಬೇಕು.

ವರ್ಗ ಸಮೀಕರಣಗಳಲ್ಲಿ ಮೋಸ ಹೋಗುವುದು ಚಿಹ್ನೆಯಲ್ಲಿ ಮತ್ತು ಸೊನ್ನೆಯಲ್ಲಿ. ಕ² = 49 ಎಂದರೆ 7 ಅಥವಾ –7; ಕ ಒಂದು ಕೋಣೆಯ ಉದ್ದ ಎಂದು ಲೆಕ್ಕದಲ್ಲಿದ್ದರೆ ಮಾತ್ರ 7. ಕಚ = 3ಚ ಎಂದಾಗ ಎರಡೂ ಬದಿ ಚ-ಯಿಂದ ಭಾಗಿಸಿ ಕ = 3 ಎನ್ನುತ್ತಾರೆ; ಚ ಸೊನ್ನೆಯಾಗಿದ್ದರೆ ಕ ಏನು ಬೇಕಾದರೂ ಆಗಬಹುದು. ವರ್ಗ ಸಮೀಕರಣ ಎಂದ ಮಾತ್ರಕ್ಕೆ ಎರಡು ಉತ್ತರ ಎಂದೂ ಅಲ್ಲ: ಕ² – 6ಕ + 9 = 0 ಎಂದರೆ ಕ = 3 ಒಂದೇ. ಕ² – 5ಕ + 6 = 0 ಒಂದೇ ಇದ್ದರೆ 2 ಅಥವಾ 3, ಕ² – 7ಕ + 12 = 0 ಒಂದೇ ಇದ್ದರೆ 3 ಅಥವಾ 4; ಎರಡೂ ಸೇರಿದರೆ 3 ಮಾತ್ರ. ಎರಡು ಸಂಖ್ಯೆಗಳ ಮೊತ್ತ 9, ಗುಣಲಬ್ಧ 20 ಎಂದರೆ ಆ ಜೋಡಿ 4 ಮತ್ತು 5 ಎಂದು ತಿಳಿಯುತ್ತದೆ, ಮೊದಲನೆಯದು ಯಾವುದು ಎಂದು ತಿಳಿಯದು. ಮೊತ್ತಕ್ಕೂ ಗುಣಲಬ್ಧಕ್ಕೂ ಯಾರು ಮೊದಲು, ಯಾರು ಆಮೇಲೆ ಎಂಬ ಭೇದವಿಲ್ಲ.

ಹೌದು–ಅಲ್ಲ ಎಂಬ ಪ್ರಶ್ನೆಗಳಲ್ಲಿ ಇನ್ನೊಂದು ಎಡವಟ್ಟಾಗುತ್ತದೆ. “ಪೂರ್ಣಾಂಕ ನ ಸಮಸಂಖ್ಯೆಯೇ?” ಎಂದು ಕೇಳಿ, “ನ² ಬೆಸ” ಎಂದು ಕೊಟ್ಟರೆ ಉತ್ತರ ಖಡಾಖಂಡಿತವಾಗಿ “ಅಲ್ಲ”. ಅಲ್ಲ ಎಂದು ಬಂದದ್ದರಿಂದ ಮಾಹಿತಿ ಸಾಲದು ಎಂದು ಗುರುತು ಹಾಕುವವರು ಬಹಳ. ನಿಶ್ಚಿತವಾದ “ಅಲ್ಲ” ಎಂಬುದೂ ಪೂರ್ಣ ಉತ್ತರವೇ. ಸಾಲದು ಎನ್ನುವುದು ಒಮ್ಮೆ ಹೌದು, ಒಮ್ಮೆ ಅಲ್ಲ ಎಂದು ಬಂದಾಗ ಮಾತ್ರ. “ಕ, ಚ-ಗಿಂತ ದೊಡ್ಡದೇ?” ಎಂಬುದಕ್ಕೆ “ಕ² > ಚ²” ಎಂದಷ್ಟೇ ಕೊಟ್ಟರೆ ಸಾಲದು, ಏಕೆಂದರೆ 3 ಮತ್ತು 2 ಹೊಂದುತ್ತವೆ, –3 ಮತ್ತು 2 ಕೂಡ ಹೊಂದುತ್ತವೆ. “ಕ + ಚ > 0” ಎಂದಷ್ಟೇ ಕೊಟ್ಟರೂ ಸಾಲದು. ಎರಡೂ ಸೇರಿದರೆ ಸಾಕು: (ಕ – ಚ)(ಕ + ಚ) ಧನ, ಅದರಲ್ಲಿ ಕ + ಚ ಧನ, ಹಾಗಾದರೆ ಕ – ಚ ಕೂಡ ಧನವೇ.

ಈ ಕೊನೆಯ ಬಗೆಯ ಪ್ರಶ್ನೆಗಳೇ ಮುಂದೆ ಸ್ಪರ್ಧಾ ಪರೀಕ್ಷೆಗಳಲ್ಲಿ “ಡೇಟಾ ಸಫಿಷಿಯನ್ಸಿ” ಎಂಬ ಹೆಸರಿನಲ್ಲಿ ಬರುತ್ತವೆ. 2011ರಿಂದ ನಡೆಯುತ್ತಿರುವ, ಐಎಎಸ್ ಮುಂತಾದ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯ ಭಾಗವಾದ ಯುಪಿಎಸ್‌ಸಿ ಸಿಸ್ಯಾಟ್ ಪತ್ರಿಕೆಯ ಪಠ್ಯಕ್ರಮದಲ್ಲಿ ಹತ್ತನೆಯ ತರಗತಿಯ ಮಟ್ಟದ್ದು ಎಂದೇ ಅದನ್ನು ಹೆಸರಿಸಿದ್ದಾರೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಇದೆ, ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ನಲ್ಲೂ ಇದೆ. ಒಂದು ಪ್ರಶ್ನೆ, ಎರಡು ಹೇಳಿಕೆ. ಮೊದಲನೆಯದೊಂದೇ ಸಾಕೇ, ಎರಡನೆಯದೊಂದೇ ಸಾಕೇ, ಪ್ರತಿಯೊಂದೂ ತಾನಾಗಿ ಸಾಕೇ, ಎರಡೂ ಸೇರಿದರೆ ಮಾತ್ರ ಸಾಕೇ, ಸೇರಿದರೂ ಸಾಲದೇ ಎಂದು ಹೇಳಬೇಕು. ಅತಿ ಹೆಚ್ಚು ಅಂಕ ಹೋಗುವುದು ಎರಡನೆಯ ಹೇಳಿಕೆಯನ್ನು ನೋಡುವಾಗ ಮೊದಲನೆಯದನ್ನು ಮನಸ್ಸಿನಲ್ಲಿ ಉಳಿಸಿಕೊಳ್ಳುವುದರಿಂದ. ಹಾಳೆಯ ಮೇಲೆ ಕೈಯಿಟ್ಟು ಮೊದಲ ಹೇಳಿಕೆಯನ್ನು ಮುಚ್ಚಿ ಎರಡನೆಯದನ್ನು ಓದುವ ಅಭ್ಯಾಸ ಮಾಡಿಸಿ. ಎರಡನ್ನೂ ಬೇರೆಬೇರೆಯಾಗಿ ನೋಡಿದ ಮೇಲೆಯೇ ಕೂಡಿಸಬೇಕು. ಜಿಮ್ಯಾಟ್‌ನಲ್ಲಿ ಎರಡು ಹೇಳಿಕೆಗಳು ಒಂದಕ್ಕೊಂದು ವಿರುದ್ಧವಾಗಿರುವುದಿಲ್ಲ. ಒಂದರಿಂದ 5, ಇನ್ನೊಂದರಿಂದ 7 ಬಂದರೆ ನಮ್ಮ ಲೆಕ್ಕವೇ ತಪ್ಪಿದೆ ಎಂದು ತಿಳಿದು ಹಿಂದಕ್ಕೆ ಹೋಗಬೇಕು.

ಮಕ್ಕಳಿಗೆ ಹೇಳಿಕೊಡಬೇಕಾದ ಮುಖ್ಯ ಮಾತು ಒಂದಿದೆ. ಸಾಲದು ಎಂದು ತೋರಿಸುವುದೂ ಸಾಕು ಎಂದು ತೋರಿಸುವುದೂ ಒಂದೇ ಬಗೆಯ ಕೆಲಸವಲ್ಲ. ಸಾಲದು ಎನ್ನಲು ಎಲ್ಲ ಷರತ್ತುಗಳಿಗೂ ಹೊಂದುವ, ಆದರೆ ಬೇರೆಬೇರೆ ಉತ್ತರ ಕೊಡುವ ಎರಡು ಉದಾಹರಣೆ ಮುಂದಿಟ್ಟರೆ ಮುಗಿಯಿತು. 14 ಮತ್ತು 25 ಎಂದು ಬರೆದರೆ ಮೇಲಿನ ಲೆಕ್ಕದ ವಿಚಾರಣೆ ಮುಗಿದಂತೆ. ಸಾಕು ಎನ್ನಲು ಹತ್ತು ಉದಾಹರಣೆ ಕೊಟ್ಟರೂ ಆಗದು, ಕಾರಣ ಕೊಡಬೇಕು. ಉದಾಹರಣೆ ಹುಡುಕುವಾಗ 2, 3, 5ರಲ್ಲೇ ಸುತ್ತಬಾರದು. ಸೊನ್ನೆ, 1, –1, ಅರ್ಧ, ಒಂದು ದೊಡ್ಡ ಋಣ ಸಂಖ್ಯೆ, ಇವನ್ನು ಹಾಕಿ ನೋಡಬೇಕು. ಕ² ಯಾವಾಗಲೂ ಕ-ಗಿಂತ ದೊಡ್ಡದು ಎಂಬ ನಂಬಿಕೆ ಅರ್ಧ ಹಾಕಿದ ಕೂಡಲೇ ಬೀಳುತ್ತದೆ.

2018ರಲ್ಲಿ ಚೀನಾದ ನಾನ್‌ಚೊಂಗ್ ನಗರದಲ್ಲಿ ಐದನೆಯ ತರಗತಿಯ ಪರೀಕ್ಷೆಗೆ “ಹಡಗಿನಲ್ಲಿ 26 ಕುರಿ, 10 ಆಡು ಇವೆ, ಕಪ್ತಾನನ ವಯಸ್ಸೆಷ್ಟು?” ಎಂಬ ಪ್ರಶ್ನೆ ಹಾಕಿದ್ದು ಸುದ್ದಿಯಾಗಿತ್ತು. 36 ಎಂದು ಬರೆದ ಮಕ್ಕಳಿದ್ದರು. ಸಂಖ್ಯೆ ಕಂಡರೆ ಕೂಡಿಬಿಡುವ ಆ ರೂಢಿ ನಮ್ಮ ತರಗತಿಗಳಲ್ಲೂ ಇದೆ. ಅದನ್ನು ಬಿಡಿಸಲು ಹೊಸ ಪುಸ್ತಕ ಬೇಕಿಲ್ಲ. ಪಾಠದ ಕೊನೆಯ ಹತ್ತು ನಿಮಿಷದಲ್ಲಿ ಪುಸ್ತಕದ್ದೇ ಒಂದು ಲೆಕ್ಕ ತೆಗೆದು, ಒಂದು ವಾಕ್ಯ ಅಳಿಸಿ, ಈಗ ಎಷ್ಟು ಉತ್ತರಗಳಿವೆ ಎಂದು ಕೇಳಿದರೆ ಸಾಕು. ಮರುದಿನ ಬೇಡದ ವಾಕ್ಯವೊಂದನ್ನು ಸೇರಿಸಿ ಯಾವುದು ಹೆಚ್ಚಾಯಿತು ಎಂದು ಕೇಳಬಹುದು. “ಮಾಹಿತಿ ಸಾಲದು” ಎಂದು ಬರೆದು ಎರಡು ಉದಾಹರಣೆ ಕೊಟ್ಟ ಮಗುವಿಗೆ ಪೂರ್ಣ ಅಂಕ ಕೊಡಬೇಕು. ಉದಾಹರಣೆ ಕೊಡದಿದ್ದರೆ ಅರ್ಧಕ್ಕಿಂತ ಹೆಚ್ಚು ಬೇಡ. ಇಲ್ಲವಾದರೆ ಅದು ಲೆಕ್ಕ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ.

ನಿಮ್ಮಲ್ಲಿ ಎರಡು ವಿನಂತಿಗಳಿವೆ. ವಿದ್ಯಾರ್ಥಿ ಪುಟದಲ್ಲಿ ವಾರಕ್ಕೊಂದು ಲೆಕ್ಕವನ್ನಾದರೂ “ಸಾಕೇ, ಸಾಲದೇ?” ಎಂಬ ರೂಪದಲ್ಲಿ ಕೊಡಿ. ಮತ್ತು ಮುಂದಿನ ಭಾನುವಾರ, ಮೊದಲು ಉತ್ತರ ಅಚ್ಚಾದ ಅದೇ ಜಾಗದಲ್ಲಿ, 14, 25, 36, 58, 69 ಕೂಡ ಸರಿ ಎಂದು ತಿದ್ದುಪಡಿ ಹಾಕಿ. 58 ಎಂದು ಬರೆದು, ಪತ್ರಿಕೆ ನೋಡಿ ಅದನ್ನು ಹೊಡೆದುಹಾಕಿದ ಮಗು ಯಾವುದೋ ಮನೆಯಲ್ಲಿ ಇದ್ದೇ ಇರುತ್ತದೆ.

ಇಂತು,
ಗಣಿತ ಶಿಕ್ಷಕರೊಬ್ಬರು
ಡೊಂಬಿವಲಿ